ಲೆಕ್ಕಕ್ಕೆ ಬಾರದ ಮಾತ್ರೆ

ಹೊಸ ಡಾಕ್ಟರ ಮುಂದೆ ಕೂತಾಗ ಬರುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ‘ಈಗ ಯಾವ ಯಾವ ಮಾತ್ರೆ ತಗೊಳ್ತಿದ್ದೀರಿ?’ ಬಿ.ಪಿ.ಯದು, ಶುಗರಿನದು, ಥೈರಾಯ್ಡಿನದು ಎಂದು ಬೆರಳು ಮಡಚುತ್ತ ಹೋಗುವವರು ಒಂದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಬೆಳಗೆದ್ದು ಕಾಫಿಗೆ ಮುಂಚೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ. ಕೆದಕಿ ಕೇಳಿದರೆ ‘ಅದು ಬಿಡಿ ಡಾಕ್ಟ್ರೇ, ಬರೀ ಗ್ಯಾಸಿಗೆ’ ಎಂಬ ಉತ್ತರ. ಬರೆದುಕೊಡುವವರೂ ಅದನ್ನು ಹೆಚ್ಚು ಲೆಕ್ಕಕ್ಕೆ ಇಡುವುದಿಲ್ಲ. ಚೀಟಿಯಲ್ಲಿ ಮೂರು ಔಷಧಿ ಇದ್ದರೆ ನಾಲ್ಕನೆಯದಾಗಿ ಪ್ಯಾಂಟೊಪ್ರಜೋಲ್ ತಾನಾಗಿಯೇ ಬಂದು ಕೂರುತ್ತದೆ. ಕಾನೂನಿನ ಪ್ರಕಾರ ಇದು ‘ಶೆಡ್ಯೂಲ್ ಎಚ್’ ಔಷಧಿ, ಚೀಟಿ ಇಲ್ಲದೆ ಮಾರುವಂತಿಲ್ಲ. ‘ಒಂದು ಸ್ಟ್ರಿಪ್ ಪ್ಯಾನ್ ಫಾರ್ಟಿ ಕೊಡಿ’ ಎಂದವರಿಗೆ ‘ಚೀಟಿ ಎಲ್ಲಿ?’ ಎಂದು ಕೇಳುವ ಮೆಡಿಕಲ್ ಶಾಪ್ ಸಿಗುವುದು ಅಪರೂಪ.

ಈ ಮಾತ್ರೆಗಳ ಮೇಲೆ ಹಗೆ ಸಾಧಿಸಬೇಕಾಗಿಲ್ಲ. ಹೊಟ್ಟೆಯ ಹುಣ್ಣಿನಿಂದ ರಕ್ತ ಕಾರಿಕೊಂಡು ಆಸ್ಪತ್ರೆ ಸೇರುವುದು, ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಸಿಕೊಳ್ಳುವುದು ನಮ್ಮ ಅಜ್ಜಂದಿರ ಕಾಲದಲ್ಲಿ ಮಾಮೂಲು ಸಂಗತಿಯಾಗಿತ್ತು. ಅದನ್ನು ಮರೆಯುವಂತೆ ಮಾಡಿದ್ದರಲ್ಲಿ ಇವುಗಳದು ದೊಡ್ಡ ಪಾಲು. ತಮ್ಮಷ್ಟಕ್ಕೆ ತಾವು ಇವು ಸಾಧು ಔಷಧಿಗಳೇ. ತಕರಾರು ಶುರುವಾಗುವುದು ಪಕ್ಕದಲ್ಲಿ ಇನ್ನೊಂದು ಔಷಧಿ ಇದ್ದಾಗ. ಆಗ ಸಾಮಾನ್ಯವಾಗಿ ಸಿಗುವ ಸಲಹೆ ‘ಎರಡು ಗಂಟೆ ಬಿಟ್ಟು ತಗೊಳ್ಳಿ’ ಎಂಬುದು. ಕೆಲವು ಜೋಡಿಗಳಿಗೆ ಈ ಸಲಹೆ ಸರಿಯಾಗಿಯೇ ಇದೆ. ಕೆಲವಕ್ಕೆ ಎರಡಲ್ಲ, ಹನ್ನೆರಡು ಗಂಟೆ ಬಿಟ್ಟರೂ ಪ್ರಯೋಜನವಿಲ್ಲ. ಇನ್ನು ಕೆಲವು ಜೋಡಿಗಳ ಜಗಳ ಹೊಟ್ಟೆಯಲ್ಲಿ ನಡೆಯುವುದೇ ಇಲ್ಲ, ಲಿವರಿನಲ್ಲಿ ನಡೆಯುತ್ತದೆ. ಯಾವ ಜೋಡಿ ಯಾವ ಗುಂಪಿನದು ಎಂದು ತಿಳಿದರೆ ಈ ವಿಷಯದ ಮುಕ್ಕಾಲು ಪಾಲು ತಿಳಿದಂತೆ.

ಮೂರು ಪೀಳಿಗೆ

ಮೊದಲನೆಯದು ಆಂಟಾಸಿಡ್. ಹುಟ್ಟಿದ ಆಮ್ಲವನ್ನು ಅಲ್ಲೇ ತಣಿಸುವುದು ಇದರ ಕೆಲಸ. ಜೆಲುಸಿಲ್, ಡೈಜೀನ್ ಬಗೆಯವುಗಳಲ್ಲಿ ಅಲ್ಯುಮಿನಿಯಂ ಮತ್ತು ಮೆಗ್ನೀಸಿಯಂ ಲವಣಗಳಿವೆ. ಈನೋದಲ್ಲಿ ಮುಖ್ಯವಾಗಿ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ನಿಮಿಷಗಳಲ್ಲಿ ಕೆಲಸ, ಒಂದೆರಡು ಗಂಟೆಗಳಲ್ಲಿ ಮಂಗಳ.

ಎರಡನೆಯ ಪೀಳಿಗೆಯ ಕಥೆ ಇಂಗ್ಲೆಂಡಿನದು. ಆಮ್ಲ ಸುರಿಸುವಂತೆ ಜಠರದ ಜೀವಕೋಶಗಳಿಗೆ ಹೇಳಿಕಳಿಸುವ ವಸ್ತುಗಳಲ್ಲಿ ಹಿಸ್ಟಮಿನ್ ಒಂದು. ಆ ಸಂದೇಶ ತಲುಪದಂತೆ ತಡೆದರೆ ಹೇಗೆ ಎಂದು ಯೋಚಿಸಿದವರು ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಜೇಮ್ಸ್ ಬ್ಲ್ಯಾಕ್. ಅದಕ್ಕೂ ಮೊದಲು ಪ್ರೊಪ್ರನೊಲಾಲ್ ಎಂಬ ಹೃದಯದ ಔಷಧಿಯನ್ನು ಕೊಟ್ಟವರೂ ಅವರೇ. 1976ರಲ್ಲಿ ಸಿಮೆಟಿಡಿನ್ ಬಂತು, 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್ ಬಂತು. ಅದೇ 1988ರಲ್ಲಿ ಸ್ವೀಡನ್ನಿನ ಆಸ್ಟ್ರಾ ಕಂಪನಿ ಒಮೆಪ್ರಜೋಲನ್ನು ಹೊರತಂದು ಮೂರನೆಯ ಪೀಳಿಗೆಗೆ ನಾಂದಿ ಹಾಡಿತು. ಇದು ಸಂದೇಶವನ್ನಲ್ಲ, ಆಮ್ಲ ಹೊರಹಾಕುವ ಪಂಪನ್ನೇ ಕಟ್ಟಿಹಾಕುತ್ತದೆ. ಹೆಸರೂ ಹಾಗೆಯೇ: ಪ್ರೋಟಾನ್ ಪಂಪ್ ಇನ್ಹಿಬಿಟರ್, ಚಿಕ್ಕದಾಗಿ ಪಿಪಿಐ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಎಲ್ಲ ಇದರ ಒಡಹುಟ್ಟಿದವು.

ಔಷಧಿಗಳ ಜಗಳದ ಚರಿತ್ರೆಯೂ ಸಿಮೆಟಿಡಿನ್‌ನಿಂದಲೇ ದೊಡ್ಡದಾಗಿ ಶುರುವಾದದ್ದು. ಅದರ ಅಣುವಿನಲ್ಲಿರುವ ಇಮಿಡಜೋಲ್ ಎಂಬ ಉಂಗುರ ಲಿವರಿನಲ್ಲಿ ಔಷಧಿಗಳನ್ನು ಒಡೆದು ಹೊರಹಾಕುವ ಸೈಟೋಕ್ರೋಮ್ ಕಿಣ್ವಗಳ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಕಿಣ್ವಕ್ಕೆ ಕೈಕಟ್ಟು, ಒಡೆಯಬೇಕಿದ್ದ ಔಷಧಿ ರಕ್ತದಲ್ಲೇ ಶೇಖರವಾಗುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್, ಉಬ್ಬಸದ ಥಿಯೋಫಿಲಿನ್, ಮೂರ್ಛೆರೋಗದ ಫೆನಿಟಾಯಿನ್ ಹೀಗೆ ಮಿತಿಮೀರಿದವು. ಮೂರೂ ಸ್ವಲ್ಪ ಹೆಚ್ಚಾದರೆ ಸಾಕು, ಜೀವಕ್ಕೆ ಬರುವಂಥವು. 1981ರಲ್ಲಿ ಗ್ಲಾಕ್ಸೊ ತಂದ ರ‍್ಯಾನಿಟಿಡಿನ್‌ನಲ್ಲಿ ಆ ಉಂಗುರವಿರಲಿಲ್ಲ, ಈ ಕಾಟವೂ ಬಹುಮಟ್ಟಿಗೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಸಿಮೆಟಿಡಿನ್ ಅನ್ನು ಮಾರುಕಟ್ಟೆಯಲ್ಲಿ ಹಿಂದಿಕ್ಕಲು ಇದೂ ಒಂದು ಕಾರಣ. ರ‍್ಯಾನಿಟಿಡಿನ್‌ಗೂ ಮುಂದೆ ಬೇರೆ ಗ್ರಹಚಾರ ಕಾದಿತ್ತು. ಮಾತ್ರೆಯಲ್ಲಿ ಕ್ಯಾನ್ಸರ್‌ಕಾರಕವೆನ್ನಲಾದ ಎನ್‌ಡಿಎಂಎ ಎಂಬ ಕಲ್ಮಶ ಕಂಡುಬಂದು 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. 2022ರಲ್ಲಿ ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದಲೂ ಅದರ ಹೆಸರು ಹೋಯಿತು.

ಪಿಪಿಐ ಬಗ್ಗೆ ಒಂದು ಮಾತನ್ನು ಇಲ್ಲೇ ಗಟ್ಟಿಯಾಗಿ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಮೆಪ್ರಜೋಲಾಗಲಿ ಪ್ಯಾಂಟೊಪ್ರಜೋಲಾಗಲಿ ರಕ್ತದಲ್ಲಿ ಇರುವುದು ಕೆಲವೇ ಗಂಟೆ. ಅಷ್ಟರಲ್ಲಿ ಅದು ಪಂಪಿಗೆ ಬಿಡಿಸಲಾಗದಂತೆ ಅಂಟಿಕೊಂಡಿರುತ್ತದೆ. ಜೀವಕೋಶ ಹೊಸ ಪಂಪುಗಳನ್ನು ತಯಾರಿಸಿಕೊಳ್ಳುವವರೆಗೆ, ಅಂದರೆ ಕೆಲವು ದಿನಗಳವರೆಗೆ, ಆಮ್ಲ ಮೊದಲಿನಂತೆ ಆಗುವುದಿಲ್ಲ. ಮಾತ್ರೆ ಮುಗಿದರೂ ಅದರ ಆಳ್ವಿಕೆ ಮುಗಿದಿರುವುದಿಲ್ಲ.

ಹುಳಿ ಬೇಡುವ ಔಷಧಿಗಳು

ಜಠರದ ಆಮ್ಲ ಇರುವುದು ಊಟ ಕರಗಿಸಲು ಎಂದು ನಾವು ತಿಳಿದಿದ್ದೇವೆ. ಹಲವು ಮಾತ್ರೆಗಳು ಕರಗಲಿಕ್ಕೂ ಅದೇ ಬೇಕು. ಕಿಲುಬು ಹಿಡಿದ ಹಿತ್ತಾಳೆ ಚೆಂಬು ಬರೀ ನೀರಿಗೆ ಜಗ್ಗದೆ ಹುಣಸೆಹುಳಿಗೆ ಬೆಳಗುವ ಹಾಗೆ, ರಸಾಯನಶಾಸ್ತ್ರದಲ್ಲಿ ‘ದುರ್ಬಲ ಪ್ರತ್ಯಾಮ್ಲ’ ಎನಿಸಿಕೊಂಡ ಔಷಧಿಗಳು ಹುಳಿಯಲ್ಲಷ್ಟೇ ಚೆನ್ನಾಗಿ ಕರಗುತ್ತವೆ. ಖಾಲಿ ಹೊಟ್ಟೆಯ ಪಿ.ಎಚ್. ಒಂದೂವರೆ, ಎರಡರ ಆಸುಪಾಸು. ಪಿಪಿಐ ತೆಗೆದುಕೊಂಡವರಲ್ಲಿ ದಿನದ ಹಲವು ಗಂಟೆ ಅದು ನಾಲ್ಕನ್ನು ದಾಟಿರುತ್ತದೆ. ಎರಡರಿಂದ ನಾಲ್ಕು ಎಂದರೆ ಕೇಳಲು ಸಣ್ಣದು. ಆ ಅಳತೆಯ ಲೆಕ್ಕದಲ್ಲಿ ಆಮ್ಲ ನೂರರಲ್ಲೊಂದು ಪಾಲಿಗೆ ಇಳಿದಿದೆ ಎಂದರ್ಥ. ಕರಗದ ಔಷಧಿ ರಕ್ತ ಸೇರದು.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ದಾಸಾಟಿನಿಬ್ ಎಂಬ ರಕ್ತಕ್ಯಾನ್ಸರ್ ಔಷಧಿ. ಅದರ ಜೊತೆಗೇ ಆಂಟಾಸಿಡ್ ಕುಡಿದಾಗ ರಕ್ತ ಸೇರುವ ಒಟ್ಟು ಔಷಧಿ ಶೇಕಡಾ 55ರಷ್ಟು ಕುಸಿಯಿತು. ಅದೇ ಆಂಟಾಸಿಡ್ಡನ್ನು ಎರಡು ಗಂಟೆ ಮುಂಚೆ ಕೊಟ್ಟಾಗ ಏನೂ ವ್ಯತ್ಯಾಸವಾಗಲಿಲ್ಲ. ‘ಎರಡು ಗಂಟೆ ಬಿಟ್ಟು’ ಎಂಬ ಸಲಹೆ ಗೆಲ್ಲುವುದು ಇಲ್ಲಿ. ಆದರೆ ಹತ್ತು ಗಂಟೆ ಮುಂಚೆ ಎರಡನೆಯ ಪೀಳಿಗೆಯ ಫಾಮೊಟಿಡಿನ್ ಕೊಟ್ಟಿದ್ದಾಗಲೂ ಇಳಿಕೆ ಶೇಕಡಾ 61. ದಿನವೂ ಒಮೆಪ್ರಜೋಲ್ ಇದ್ದವರಲ್ಲಿ ಶೇಕಡಾ 43. ಹತ್ತು ಗಂಟೆಯ ಅಂತರವೂ ಉಪಯೋಗಕ್ಕೆ ಬರಲಿಲ್ಲ. ಔಷಧಿಗಳು ಒಂದನ್ನೊಂದು ಮುಟ್ಟಿಯೇ ಇಲ್ಲ. ಕೆಟ್ಟದ್ದು ಹೊಟ್ಟೆಯ ಹವೆ. ದುಬಾರಿ ಕ್ಯಾನ್ಸರ್ ಮಾತ್ರೆಯ ಅರ್ಧದಷ್ಟನ್ನು ಅಗ್ಗದ ಗ್ಯಾಸ್ಟ್ರಿಕ್ ಮಾತ್ರೆ ಹೀಗೆ ಸದ್ದಿಲ್ಲದೆ ನುಂಗಿಹಾಕಬಲ್ಲದು. ಶ್ವಾಸಕೋಶ ಕ್ಯಾನ್ಸರಿನ ಗೆಫಿಟಿನಿಬ್, ಎರ್ಲೋಟಿನಿಬ್‌ಗಳದೂ ಇದೇ ಹಾಡು. ಇದೇ ಮನೆತನದ ಇಮಾಟಿನಿಬ್‌ಗೆ ಈ ಬಾಧೆ ಇಲ್ಲ. ಆದ್ದರಿಂದ ‘ಕ್ಯಾನ್ಸರ್ ಮಾತ್ರೆಗೆ ಗ್ಯಾಸ್ಟ್ರಿಕ್ ಮಾತ್ರೆ ಆಗದು’ ಎಂಬ ಸಾರಾಸಗಟು ಮಾತೂ ತಪ್ಪು. ಒಂದೊಂದರ ಹೆಸರು ಹಿಡಿದೇ ಕೇಳಬೇಕು.

ಕ್ಯಾನ್ಸರ್ ದೂರದ ಮಾತಾಯಿತು ಎನ್ನುವವರಿಗೆ ಹುಳುಕಡ್ಡಿ ಇದೆ. ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಮುಲಾಮಿಗೆ ಬಗ್ಗದ, ಮನೆಮಂದಿಗೆಲ್ಲ ಹಬ್ಬುವ ಹುಳುಕಡ್ಡಿ ಚರ್ಮವೈದ್ಯರ ನಿದ್ದೆಗೆಡಿಸಿದೆ. ಅದಕ್ಕೆ ಹೆಚ್ಚಾಗಿ ಬರೆಯುವ ಔಷಧಿ ಇಟ್ರಾಕೊನಜೋಲ್ ಕ್ಯಾಪ್ಸೂಲ್. ಆಮ್ಲ ಬೇಡುವ ಔಷಧಿಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿರುವುದು ಇದೇ. ಹೊಟ್ಟೆ ತುಂಬ ಊಟದ ಜೊತೆ ತೆಗೆದುಕೊಳ್ಳಲು ಹೇಳುವುದು ಸುಮ್ಮನೆ ಅಲ್ಲ; ಊಟ ಇದ್ದಾಗ ಆಮ್ಲ ಸುರಿಯುತ್ತದೆ. ವಿಪರ್ಯಾಸವೆಂದರೆ ವಾರಗಟ್ಟಲೆ ಮಾತ್ರೆ ನುಂಗಬೇಕಲ್ಲ, ಹೊಟ್ಟೆ ಕೆಟ್ಟೀತು ಎಂದು ಅದೇ ಚೀಟಿಯಲ್ಲಿ ಪಿಪಿಐ ಕೂಡ ಇರುವುದುಂಟು. ಗುಣವಾಗದಿದ್ದರೆ ಬೈಸಿಕೊಳ್ಳುವುದು ಮಾತ್ರ ಇಟ್ರಾಕೊನಜೋಲ್. ಆಮ್ಲ ಕಡಿಮೆ ಇರುವವರು ಈ ಕ್ಯಾಪ್ಸೂಲನ್ನು ಕೋಲಾದ ಜೊತೆ ನುಂಗಬೇಕು, ಡಯೆಟ್ ಕೋಲಾ ಅಲ್ಲ, ಸಕ್ಕರೆಯದು ಎಂದು ಅದರ ಮೂಲ ತಯಾರಕರ ಸೂಚನಾಪತ್ರವೇ ಹೇಳುತ್ತದೆ. ತಂಪುಪಾನೀಯಕ್ಕೆ ವೈದ್ಯಶಾಸ್ತ್ರ ಕೊಟ್ಟ ಏಕೈಕ ಗೌರವ ಇದೇ ಇರಬೇಕು.

ಎಚ್‌ಐವಿಯ ಅಟಾಜನವಿರ್‌ನಲ್ಲಿ ಕುಸಿತ ಇನ್ನೂ ಭೀಕರ. ಬೆಂಬಲಕ್ಕೆ ರಿಟೊನವಿರ್ ಇಲ್ಲದೆ ಕೊಟ್ಟಾಗ ಒಮೆಪ್ರಜೋಲ್ ಅದರ ಪ್ರಮಾಣವನ್ನು ಶೇಕಡಾ 90ಕ್ಕೂ ಹೆಚ್ಚು ಇಳಿಸಿತು. ಎಚ್‌ಐವಿಯದೇ ಇನ್ನೊಂದು ಔಷಧಿ ರಿಲ್ಪಿವಿರಿನ್ ಜೊತೆ ಪಿಪಿಐ ಕೊಡಲೇಬಾರದೆಂಬ ಕಟ್ಟಪ್ಪಣೆ ಇದೆ. ಹೆಪಟೈಟಿಸ್ ಸಿ ಗುಣಪಡಿಸುವ ವೆಲ್ಪಟಾಸ್ವಿರ್ ಕೂಡ ಆಮ್ಲವನ್ನೇ ನೆಚ್ಚಿದ್ದು. ಈ ರೋಗಗಳಲ್ಲಿ ಔಷಧಿ ಅರೆಬರೆಯಾಗಿ ಸಿಕ್ಕರೆ ಆಗುವ ನಷ್ಟ ಬರೀ ಆ ದಿನದ್ದಲ್ಲ, ವೈರಸ್ ಆ ಔಷಧಿಗೆ ಬಗ್ಗದಂತೆ ಪಳಗಿಬಿಡುತ್ತದೆ.

ಲೋಹಕ್ಕೆ ಸಿಕ್ಕಿಬೀಳುವವು

ಎರಡನೆಯ ಬಗೆಯ ಜಗಳಕ್ಕೆ ಆಮ್ಲ ಏರಿತೋ ಇಳಿಯಿತೋ ಎಂಬುದು ಸಂಬಂಧವೇ ಇಲ್ಲ. ಅಲ್ಯುಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಇವು ಕೆಲವು ಔಷಧಿಗಳನ್ನು ಹೊಟ್ಟೆಯಲ್ಲೇ ಬಿಗಿಯಾಗಿ ಹಿಡಿದುಕೊಂಡು, ಕರಗದ ಗಂಟಾಗಿಸಿ ಮಲದ ದಾರಿಗೆ ಅಟ್ಟುತ್ತವೆ. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಜೊತೆಗೇ ಜೆಲುಸಿಲ್ ಬಗೆಯ ದ್ರವ ಕುಡಿದರೆ ರಕ್ತ ಸೇರುವ ಔಷಧಿ ಶೇಕಡಾ 90ರವರೆಗೂ ಕಡಿಮೆಯಾಗಬಹುದು. ಅಲ್ಲಿಗೆ ನುಂಗದಿದ್ದರೂ ನಡೆಯುತ್ತಿತ್ತು. ಡಾಕ್ಸಿಸೈಕ್ಲಿನ್, ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಇವುಗಳದೂ ಇದೇ ದೌರ್ಬಲ್ಯ. ಹುಣ್ಣಿಗೆ ಲೇಪದಂತೆ ಕೊಡುವ ಸುಕ್ರಾಲ್ಫೇಟ್ ಎಂಬ ಗುಲಾಬಿ ದ್ರವದಲ್ಲೂ ಅಲ್ಯುಮಿನಿಯಂ ಇದೆಯೆಂಬುದು ಹಲವರಿಗೆ ಹೊಳೆಯುವುದಿಲ್ಲ.

ನಮ್ಮಲ್ಲಿ ಇದು ಹೆಚ್ಚು ಕಾಡಬೇಕಾದ ಜಾಗ ಕ್ಷಯ. ರಿಫಾಂಪಿಸಿನ್ ಇರುವ ಮಾತ್ರೆಗಳಿಗೆ ಹೊಟ್ಟೆ ತೊಳಸುವುದು, ಉರಿಯುವುದು ತೀರ ಸಾಮಾನ್ಯ ದೂರು. ರೋಗಿ ತಾನೇ ಅಂಗಡಿಗೆ ಹೋಗಿ ಆಂಟಾಸಿಡ್ ಸೀಸೆ ತಂದುಕೊಳ್ಳುತ್ತಾನೆ. ಅಲ್ಯುಮಿನಿಯಂ ಇರುವ ಆಂಟಾಸಿಡ್ ರಿಫಾಂಪಿಸಿನ್, ಐಸೊನಿಯಾಜಿಡ್ ಎರಡರ ಹೀರುವಿಕೆಯನ್ನೂ ತಗ್ಗಿಸಬಲ್ಲದು. ಕ್ಷಯದ ಮಾತ್ರೆ ನುಂಗಿ ಕನಿಷ್ಠ ಒಂದು ಗಂಟೆಯಾದ ಮೇಲೆಯೇ ಅದನ್ನು ಕುಡಿಯಬೇಕು. ಔಷಧಿಗೆ ಬಗ್ಗದ ಕ್ಷಯದಲ್ಲಂತೂ ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್‌ಗಳೂ ಮುಖ್ಯ ಆಧಾರ. ಅಲ್ಲಿ ಒಂದು ಚಮಚ ಜೆಲುಸಿಲ್ ಎಷ್ಟು ತುಟ್ಟಿಯಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಎಆರ್‌ಟಿ ಕೇಂದ್ರಗಳಲ್ಲಿ ಈಗ ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ಕೂಡ ಲೋಹಕ್ಕೆ ಸಿಕ್ಕಿಬೀಳುವುದೇ: ಆಂಟಾಸಿಡ್ಡಿಗೆ ಎರಡು ಗಂಟೆ ಮುಂಚೆ, ಇಲ್ಲವೆ ಆರು ಗಂಟೆ ಬಿಟ್ಟು ಎಂಬುದು ಅದರ ನಿಯಮ. ಪಿಪಿಐಯಿಂದ ಅದಕ್ಕೇನೂ ಆಗದು. ಅಟಾಜನವಿರ್‌ಗೆ ಪಿಪಿಐ ಶತ್ರು, ಡೊಲುಟೆಗ್ರಾವಿರ್‌ಗೆ ಆಂಟಾಸಿಡ್ ಶತ್ರು. ಒಂದೇ ರೋಗದ ಎರಡು ಮಾತ್ರೆಗಳಿಗೆ ಎರಡು ಬೇರೆ ಬೇರೆ ಎಚ್ಚರಿಕೆ.

ಬಸುರಿಯರ ವಿಷಯದಲ್ಲಿ ಎರಡೂ ಬಗೆಯ ಜಗಳ ಒಟ್ಟಿಗೆ ಬರುತ್ತವೆ. ಆಶಾ ಕಾರ್ಯಕರ್ತೆ ಕೈಗಿಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ಕ್ಯಾಲ್ಸಿಯಂ ಮಾತ್ರೆ ಬೇರೆ. ತಿಂಗಳು ತುಂಬುತ್ತ ಬಂದಂತೆ ಎದೆಯುರಿ, ಅದಕ್ಕೊಂದು ಆಂಟಾಸಿಡ್. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಮತ್ತು ಮಾತ್ರೆಯ ಕಬ್ಬಿಣ ಎರಡಕ್ಕೂ ರಕ್ತ ಸೇರಲು ಆಮ್ಲದ ನೆರವು ಬೇಕು, ಕ್ಯಾಲ್ಸಿಯಂ ಕಾರ್ಬೊನೇಟಿಗೂ ಬೇಕು. ಮೇಲಾಗಿ ಕ್ಯಾಲ್ಸಿಯಂ, ಕಬ್ಬಿಣ ಒಂದಕ್ಕೊಂದು ಅಡ್ಡಗಾಲು. ಮೂರನ್ನೂ ರಾತ್ರಿ ಊಟವಾದ ಮೇಲೆ ಒಂದೇ ಗುಟುಕಿನಲ್ಲಿ ಮುಗಿಸಿ ‘ದಿನಾ ತಗೊಳ್ತೀನಿ, ಆದ್ರೂ ಹಿಮೋಗ್ಲೋಬಿನ್ ಏರ್ತಾ ಇಲ್ಲ’ ಎನ್ನುವವರನ್ನು ಬೈದು ಪ್ರಯೋಜನವಿಲ್ಲ. ಮಾತ್ರೆ ಕೊಡುವಾಗ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಬೆಳಗಿನ ಖಾಲಿ ಹೊಟ್ಟೆ

ಥೈರಾಯ್ಡ್ ಮಾತ್ರೆಗೂ ಖಾಲಿ ಹೊಟ್ಟೆ ಬೇಕು, ಪಿಪಿಐಗೂ ಬೇಕು. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಹತ್ತು ನಿಮಿಷದಲ್ಲಿ ಫಿಲ್ಟರ್ ಕಾಫಿ ಕುಡಿಯುವ ಮನೆಗಳು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು. ಲೆವೊಥೈರಾಕ್ಸಿನ್ ಮಾತ್ರೆ ಸರಿಯಾಗಿ ಕರಗಲು ಆಮ್ಲ ಬೇಕು. 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಜಠರದ ಉರಿಯೂತದಿಂದ ಆಮ್ಲ ಕುಗ್ಗಿದವರಿಗೆ ಉಳಿದವರಿಗಿಂತ ಶೇಕಡಾ 22ರಿಂದ 34ರಷ್ಟು ಹೆಚ್ಚು ಥೈರಾಕ್ಸಿನ್ ಬೇಕಾಗಿತ್ತು. ಒಮೆಪ್ರಜೋಲ್ ಶುರುಮಾಡಿದವರಲ್ಲೂ ಥೈರಾಕ್ಸಿನ್ ಸಾಲದಾದಾಗ ಹೆಚ್ಚುವ ಟಿಎಸ್‌ಎಚ್ ಏರಿ, ಡೋಸ್ ಹೆಚ್ಚಿಸಬೇಕಾಯಿತು.

ಇಲ್ಲಿಯೂ ಗಂಟೆಯ ಲೆಕ್ಕ ಎರಡು ಬಗೆ. ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್, ಸುಕ್ರಾಲ್ಫೇಟ್ ಇವುಗಳಿಗೂ ಥೈರಾಕ್ಸಿನ್‌ಗೂ ನಡುವೆ ನಾಲ್ಕು ಗಂಟೆ ಬಿಟ್ಟರೆ ಮುಗಿಯಿತು. ಪಿಪಿಐಯನ್ನು ಸಂಜೆಗೆ ದೂಡಿದರೂ ಅಷ್ಟೇ, ರಾತ್ರಿಗೆ ದೂಡಿದರೂ ಅಷ್ಟೇ. ಆಮ್ಲ ಕುಗ್ಗಿರುವುದು ಇಡೀ ದಿನಕ್ಕೆ. ಇಲ್ಲಿ ಬೇಕಿರುವುದು ಪಿಪಿಐ ಶುರುವಾದ ಆರರಿಂದ ಎಂಟು ವಾರಕ್ಕೆ ಒಂದು ಟಿಎಸ್‌ಎಚ್ ಪರೀಕ್ಷೆ, ಅದಕ್ಕೆ ತಕ್ಕಂತೆ ಡೋಸ್. ಕಾಫಿಯೂ ಥೈರಾಕ್ಸಿನ್‌ಗೆ ಅಡ್ಡಿ ಮಾಡುವುದು ನಿಜ. ಅದನ್ನು ಅರ್ಧ ಮುಕ್ಕಾಲು ಗಂಟೆ ಮುಂದೂಡಿದರಾಯಿತು. ಇದನ್ನು ಒಪ್ಪಿಸುವುದು ಡೋಸ್ ಬದಲಿಸುವುದಕ್ಕಿಂತ ಕಷ್ಟ.

ಕ್ಲೋಪಿಡೋಗ್ರೆಲ್: ಒಂದು ದೊಡ್ಡ ವ್ಯಾಜ್ಯ

ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಗದ, ಅತಿ ಹೆಚ್ಚು ಮಾತು ಖರ್ಚಾದದ್ದು ಒಂದು ಜೋಡಿಯ ಮೇಲೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ನುಂಗುತ್ತಾರೆ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು. ಈ ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಹಾಗಾಗಿ ಪಿಪಿಐ. ಇಲ್ಲಿಯವರೆಗೆ ತರ್ಕ ಸರಿ. ಆದರೆ ಕ್ಲೋಪಿಡೋಗ್ರೆಲ್ ನುಂಗಿದ ರೂಪದಲ್ಲಿ ಕೆಲಸಕ್ಕೆ ಬಾರದ ವಸ್ತು. ಲಿವರಿನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಬದಲಿಸಿದ ಮೇಲೆಯೇ ಅದಕ್ಕೆ ಜೀವ. ಒಮೆಪ್ರಜೋಲ್ ಅದೇ ಕಿಣ್ವವನ್ನು ತಡೆಯುತ್ತದೆ. ಅಂದರೆ ಹೊಟ್ಟೆ ಕಾಯಲು ಬಂದ ಮಾತ್ರೆ ಹೃದಯದ ಮಾತ್ರೆಯನ್ನು ಹುಟ್ಟಲಿಕ್ಕೇ ಬಿಡುತ್ತಿಲ್ಲವೇ?

2008ರಲ್ಲಿ ಫ್ರಾನ್ಸಿನ ಒಂದು ಸಣ್ಣ ಪ್ರಯೋಗ ಹೌದು ಎಂದಿತು. 124 ರೋಗಿಗಳಲ್ಲಿ ಒಮೆಪ್ರಜೋಲ್ ಇದ್ದವರ ಪ್ಲೇಟ್‌ಲೆಟ್‌ಗಳ ಮೇಲೆ ಕ್ಲೋಪಿಡೋಗ್ರೆಲ್‌ನ ಹಿಡಿತ ಸಡಿಲವಾಗಿತ್ತು. ಮರುವರ್ಷ ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳ 8,205 ರೋಗಿಗಳ ಹಳೆಯ ದಾಖಲೆ ಜಾಲಾಡಿದಾಗ ಎರಡನ್ನೂ ತೆಗೆದುಕೊಂಡವರಲ್ಲಿ ಸಾವು ಅಥವಾ ಮತ್ತೆ ಆಸ್ಪತ್ರೆ ಸೇರುವ ಸಂಭವ ಸುಮಾರು ಶೇಕಡಾ 25ರಷ್ಟು ಹೆಚ್ಚು ಕಂಡಿತು. 2009ರ ನವೆಂಬರ್‌ನಲ್ಲಿ ಎಫ್‌ಡಿಎ ‘ಒಮೆಪ್ರಜೋಲ್ ಬೇಡ’ ಎಂದು ಎಚ್ಚರಿಸಿತು. ಹೃದ್ರೋಗ ತಜ್ಞರು ತಲೆ ಕೆಡಿಸಿಕೊಂಡರು.

2010ರಲ್ಲಿ ಬಂದದ್ದು ಕೋಜೆಂಟ್ ಪ್ರಯೋಗ. ದೀಪಕ್ ಭಟ್ ಮುಂದಾಳುತನದಲ್ಲಿ ನಡೆದ ಇದರಲ್ಲಿ ಯಾರಿಗೆ ಒಮೆಪ್ರಜೋಲ್, ಯಾರಿಗೆ ಸುಳ್ಳು ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. 3,761 ಮಂದಿಯ ಲೆಕ್ಕದಲ್ಲಿ ಹೃದಯಾಘಾತ ಮುಂತಾದವು ಒಮೆಪ್ರಜೋಲ್ ಗುಂಪಿನಲ್ಲಿ ಶೇಕಡಾ 4.9, ಇನ್ನೊಂದರಲ್ಲಿ 5.7, ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಹೊಟ್ಟೆಯ ರಕ್ತಸ್ರಾವ ಮತ್ತಿತರ ತೊಂದರೆ ಮಾತ್ರ ಶೇಕಡಾ 2.9ರಿಂದ 1.1ಕ್ಕೆ ಇಳಿದಿತ್ತು. ಹಾಗಾದರೆ ಹಳೆಯ ದಾಖಲೆಗಳು ಸುಳ್ಳು ಹೇಳಿದವೇ? ಹಾಗೆನ್ನುವಂತಿಲ್ಲ, ಅವು ಬೇರೆಯದನ್ನು ಹೇಳಿರಬೇಕು. ಡಾಕ್ಟರು ಪಿಪಿಐ ಬರೆಯುವುದು ವಯಸ್ಸಾದವರಿಗೆ, ಹಲವು ರೋಗ ಹೊತ್ತವರಿಗೆ. ಅವರಿಗೆ ಮತ್ತೆ ಹೃದಯಾಘಾತವಾದರೆ ತಪ್ಪು ಮಾತ್ರೆಯದ್ದೋ ಮೊದಲೇ ಇದ್ದ ರೋಗದ್ದೋ ಎಂದು ದಾಖಲೆ ನೋಡಿ ಬಿಡಿಸುವುದು ಕಷ್ಟ.

ಕೋಜೆಂಟ್‌ನ ತೀರ್ಪೂ ಪೂರ್ಣವಲ್ಲ. ಹಣ ಹಾಕುತ್ತಿದ್ದ ಕಂಪನಿ ದಿವಾಳಿಯಾಗಿ ಪ್ರಯೋಗ ಅರ್ಧಕ್ಕೇ ನಿಂತಿತ್ತು. ಹೃದಯದ ಪ್ರಶ್ನೆಗೆ ಕೊನೆಯ ಉತ್ತರ ಕೊಡುವಷ್ಟು ಘಟನೆಗಳೂ ಅದರಲ್ಲಿ ಸೇರಲಿಲ್ಲ. ಎಫ್‌ಡಿಎ ತನ್ನ ಎಚ್ಚರಿಕೆಯನ್ನು ಹಿಂತೆಗೆದುಕೊಂಡಿಲ್ಲ. ವ್ಯಾಜ್ಯ ತೀರದಿದ್ದರೂ ರೋಗಿಯ ಮಟ್ಟಿಗೆ ದಾರಿ ಸಲೀಸಾಗಿದೆ ಎಂಬುದು ನನ್ನ ಎಣಿಕೆ. ಪ್ಯಾಂಟೊಪ್ರಜೋಲ್ ಆ ಕಿಣ್ವವನ್ನು ಕೆಣಕುವುದು ಬಹಳ ಕಡಿಮೆ. ಅದು ನಮ್ಮ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಹೀಗಿರುವಾಗ ಕ್ಲೋಪಿಡೋಗ್ರೆಲ್ ಪಕ್ಕದಲ್ಲಿ ಒಮೆಪ್ರಜೋಲನ್ನೋ ಇಸೊಮೆಪ್ರಜೋಲನ್ನೋ ಬರೆಯಲು ಕಾರಣವೇ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಅರೆಬರೆ ಓದಿ ಹೆದರಿ ಪಿಪಿಐಯನ್ನೇ ಕೈಬಿಡುವುದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಇರುವ ಮುದುಕರಿಗೆ ಹೊಟ್ಟೆಯ ರಕ್ತಸ್ರಾವ ಬರೀ ಊಹೆಯ ಅಪಾಯವಲ್ಲ.

ನಮಗೆ ಈ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಸಿವೈಪಿ2ಸಿ19 ಕಿಣ್ವ ಹುಟ್ಟಿನಿಂದಲೇ ಮಂದವಾಗಿರುವವರು ಯುರೋಪಿನವರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು. ಅಂಥವರಲ್ಲಿ ಯಾವ ಗ್ಯಾಸ್ಟ್ರಿಕ್ ಮಾತ್ರೆಯ ಹಂಗೂ ಇಲ್ಲದೆ ಕ್ಲೋಪಿಡೋಗ್ರೆಲ್ ಸೊರಗುತ್ತದೆ. ಪಿಪಿಐ ಮಾತ್ರ ಬೇಗ ಒಡೆಯದೆ ಹೆಚ್ಚು ಜೋರಾಗಿ ಕೆಲಸ ಮಾಡುತ್ತದೆ. ಕ್ಲೋಪಿಡೋಗ್ರೆಲ್‌ನ ಕೆಲಸವನ್ನೇ ಮಾಡುವ ಟಿಕಾಗ್ರೆಲಾರ್, ಪ್ರಸುಗ್ರೆಲ್‌ಗಳು ಈ ಕಿಣ್ವವನ್ನು ನೆಚ್ಚಿಕೊಂಡಿಲ್ಲ. ಇದೇ ಕಿಣ್ವದ ದಾರಿಯಲ್ಲಿ ಒಮೆಪ್ರಜೋಲ್ ಖಿನ್ನತೆಯ ಸಿಟಲೊಪ್ರಾಂ, ಎಸ್‌ಸಿಟಲೊಪ್ರಾಂಗಳನ್ನೂ, ಡಯಾಜೆಪಾಂ, ಫೆನಿಟಾಯಿನ್‌ಗಳನ್ನೂ ರಕ್ತದಲ್ಲಿ ಏರಿಸುತ್ತದೆ. ವಾರ್ಫರಿನ್, ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಪಿಪಿಐ ಶುರುಮಾಡಿದಾಗ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ನೋಡಿಸಿಕೊಳ್ಳುವುದು ಒಳ್ಳೆಯದು.

ಬಾಲಕ್ಕೆ ಅಂಟಿದ ‘ಡಿ’

ಪ್ಯಾನ್ ಕೇಳಲು ಹೋದವರಿಗೆ ಪ್ಯಾನ್-ಡಿ ಸಿಗುವುದು ಮಾಮೂಲು. ಆ ‘ಡಿ’ ಡೋಂಪೆರಿಡೋನ್. ಹೊಟ್ಟೆಯನ್ನು ಬೇಗ ಖಾಲಿಮಾಡುವ, ವಾಂತಿ ತಡೆಯುವ ಔಷಧಿ. ಆಮ್ಲಕ್ಕೂ ಅದಕ್ಕೂ ನಂಟಿಲ್ಲ. ಆದರೆ ಗ್ಯಾಸ್ಟ್ರಿಕ್ ಮಾತ್ರೆಯೆಂದು ನುಂಗುವವರ ಪೈಕಿ ಬಹಳ ಮಂದಿಯ ಪಾಲಿಗೆ ನಿಜವಾದ ಅಪಾಯ ಬರುವುದು ಈ ಬಾಲದ ಕಡೆಯಿಂದ. ಡೋಂಪೆರಿಡೋನ್ ಹೃದಯದ ವಿದ್ಯುತ್ ಲಯವನ್ನು ಎಳೆಯಬಲ್ಲದು, ಇಸಿಜಿಯಲ್ಲಿ ಕ್ಯೂಟಿ ಅವಧಿ ಉದ್ದವಾಗುತ್ತದೆ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಕಿಟೊಕೊನಜೋಲ್, ಇಟ್ರಾಕೊನಜೋಲ್ ಇವು ಅದನ್ನು ಒಡೆಯುವ ಕಿಣ್ವವನ್ನು ತಡೆದು ಪ್ರಮಾಣ ಏರಿಸುತ್ತವೆ; ಕೆಲವು ತಾವೂ ಲಯವನ್ನು ಎಳೆಯುತ್ತವೆ. ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2014ರಲ್ಲಿ ವಾಂತಿ, ಓಕರಿಕೆಗೆ ಮಾತ್ರ, ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರದಂತೆ, ಸಾಮಾನ್ಯವಾಗಿ ಒಂದು ವಾರ ದಾಟದಂತೆ ಎಂದು ಗೆರೆ ಎಳೆಯಿತು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕೇ ಇಲ್ಲ. ನಮ್ಮಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಇದೇ ಕೆಲಸದ ಸಿಸಾಪ್ರೈಡ್ ಇದೇ ಬಗೆಯ ಹೃದಯದ ತೊಂದರೆಯಿಂದ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ. ಎದೆಯುರಿಗೆ ಬರೀ ಪ್ಯಾಂಟೊಪ್ರಜೋಲ್ ಸಾಕಾಗಿರುವಾಗ ‘ಡಿ’ ಯಾಕೆ ಎಂದು ಕೇಳುವುದಕ್ಕೆ ಡಾಕ್ಟರಿಕೆ ಓದಿರಬೇಕಿಲ್ಲ.

ನಿಧಾನದ ನಷ್ಟಗಳು

ಕೆಲವು ಜಗಳ ವರ್ಷಗಳ ಮೇಲೆ ಬೆಳಕಿಗೆ ಬರುತ್ತವೆ. ಆಹಾರದಲ್ಲಿರುವ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು. 2013ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷಕ್ಕೂ ಮೀರಿ ಪಿಪಿಐ ತೆಗೆದುಕೊಂಡವರಲ್ಲಿ ಬಿ12 ಕೊರತೆಯ ಸಂಭವ ಶೇಕಡಾ 65ರಷ್ಟು ಹೆಚ್ಚು ಕಂಡಿತು. ಶುಗರಿನ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ಸಸ್ಯಾಹಾರಿ, ಶುಗರ್ ರೋಗಿ, ಹತ್ತು ವರ್ಷದಿಂದ ದಿನಾ ಪಿಪಿಐ: ಈ ಮೂರು ಒಂದೇ ದೇಹದಲ್ಲಿ ಕೂಡುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಕಾಲು ಜೋಮು ಹಿಡಿದರೆ ಅದನ್ನು ಶುಗರಿನ ತಲೆಗೆ ಕಟ್ಟಿ ಸುಮ್ಮನಾಗುವ ಮುಂಚೆ ಬಿ12 ನೋಡಿಸುವುದು ಲೇಸು.

ಇನ್ನೊಂದು ಮೆಗ್ನೀಸಿಯಂ. ದೀರ್ಘಕಾಲದ ಪಿಪಿಐ ಕೆಲವರಲ್ಲಿ ರಕ್ತದ ಮೆಗ್ನೀಸಿಯಂ ಇಳಿಸುತ್ತದೆಂದು ಎಫ್‌ಡಿಎ 2011ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಅದು ಪರಿಶೀಲಿಸಿದ ಪ್ರಕರಣಗಳ ಕಾಲುಭಾಗದಲ್ಲಿ ಮೆಗ್ನೀಸಿಯಂ ಕೊಟ್ಟರೂ ಸಾಲದೆ ಪಿಪಿಐಯನ್ನೇ ನಿಲ್ಲಿಸಬೇಕಾಗಿತ್ತು. ಮೂತ್ರ ಹೆಚ್ಚಿಸುವ ಲಾಸಿಕ್ಸ್ ಬಗೆಯವೂ ಮೆಗ್ನೀಸಿಯಂ ಕಳೆಯುತ್ತವೆ, ಮೆಗ್ನೀಸಿಯಂ ಇಳಿದಾಗ ಹೃದಯದ ಡಿಗಾಕ್ಸಿನ್ ವಿಷವಾಗಿ ತಿರುಗಬಹುದು. (ಒಮೆಪ್ರಜೋಲ್ ಅಮೆರಿಕಕ್ಕೆ ಹೋದ ಹೊಸದರಲ್ಲಿ ಅದರ ಹೆಸರು ಲೋಸೆಕ್. ಲಾಸಿಕ್ಸ್ ಜೊತೆ ಗೊಂದಲವಾಗುತ್ತದೆಂದು 1990ರಲ್ಲಿ ಪ್ರಿಲೋಸೆಕ್ ಎಂದು ಬದಲಿಸಬೇಕಾಯಿತು.) ಕ್ಯಾನ್ಸರಿಗೆ ಹೆಚ್ಚಿನ ಡೋಸಿನಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದನ್ನು ಪಿಪಿಐ ತಡಮಾಡಬಹುದು ಎಂಬ ಎಚ್ಚರಿಕೆಯೂ ಇದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಸಣ್ಣ ಡೋಸಿಗೆ ಅಷ್ಟು ಭಯಪಡಬೇಕಿಲ್ಲ.

ಎಲ್ಲ ಜಗಳವೂ ಕೆಟ್ಟದ್ದಲ್ಲ. ಹುಣ್ಣಿಗೆ ಮೂಲ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಸಿಕ್ಕಿತು. ಆ ಬ್ಯಾಕ್ಟೀರಿಯಾ ಕೊಲ್ಲುವ ಕಿಟ್‌ನಲ್ಲಿ ಎರಡು ಆಂಟಿಬಯಾಟಿಕ್ ಜೊತೆ ಪಿಪಿಐ ಇರುವುದು ಬರೀ ಉರಿ ಶಮನಕ್ಕಲ್ಲ. ಆಮ್ಲ ಇಳಿದಾಗ ಅಮಾಕ್ಸಿಸಿಲಿನ್, ಕ್ಲಾರಿತ್ರೊಮೈಸಿನ್ ಹೆಚ್ಚು ಚೆನ್ನಾಗಿ ಕೊಲ್ಲುತ್ತವೆ. ಬೇರೆಡೆ ಕಾಟವಾದದ್ದೇ ಇಲ್ಲಿ ಚಿಕಿತ್ಸೆ.

ಆಮ್ಲ ತಗ್ಗಿಸುವ ಓಟ ಇನ್ನೂ ನಿಂತಿಲ್ಲ. 2014ರಲ್ಲಿ ಜಪಾನಿನಲ್ಲಿ ಅನುಮತಿ ಪಡೆದ ವೊನೊಪ್ರಜಾನ್ ಈಗ ಭಾರತದಲ್ಲೂ ಸಿಗುತ್ತದೆ. ಪಿಪಿಐಗಿಂತ ಬೇಗ, ಪಿಪಿಐಗಿಂತ ಗಟ್ಟಿಯಾಗಿ ಆಮ್ಲ ಕಟ್ಟುವುದು ಇದರ ಹೆಗ್ಗಳಿಕೆ. ಇದಕ್ಕೆ ಊಟದ ಹೊತ್ತು ನೋಡಬೇಕಾಗಿಲ್ಲ. ಹುಳಿ ಬೇಡುವ ಔಷಧಿಗಳಿಗೆ ಇದು ಅಷ್ಟೇ ಗಟ್ಟಿಯಾದ ಅಡ್ಡಿಯೂ ಹೌದು.

ಇಷ್ಟೆಲ್ಲ ಓದಿದ ಮೇಲೆ ನಾಳೆಯೇ ಮಾತ್ರೆ ಬಿಟ್ಟುಬಿಡೋಣ ಎಂದು ಹೊರಡುವವರಿಗೆ ಎರಡು ಸಂಗತಿ ತಿಳಿದಿರಬೇಕು. ತಿಂಗಳುಗಟ್ಟಲೆ ನಡೆದ ಪಿಪಿಐಯನ್ನು ಒಮ್ಮೆಲೇ ನಿಲ್ಲಿಸಿದರೆ ಕಟ್ಟಿಹಾಕಿದ್ದ ಆಮ್ಲ ಕೆಲವು ವಾರ ಮೊದಲಿಗಿಂತ ಜೋರಾಗಿ ಸುರಿಯುತ್ತದೆ. ರೋಗ ಮರಳಿತೆಂದು ಹೆದರಿ ಮತ್ತೆ ಸ್ಟ್ರಿಪ್ ಕೊಳ್ಳುವವರು ಬಹಳ. ಡೋಸನ್ನು ಮೆಲ್ಲಗೆ ಇಳಿಸಿ, ನಡುವೆ ಬೇಕಾದಾಗ ಆಂಟಾಸಿಡ್ ಇಟ್ಟುಕೊಂಡು ದಾಟುವುದು ವಾಸಿ. ಎರಡನೆಯದು ಸುಲಭವಾಗಿ ಕಣ್ತಪ್ಪುತ್ತದೆ. ಪಿಪಿಐ ಇದ್ದಾಗ ಅದಕ್ಕೆ ಹೊಂದಿಸಿ ಉಳಿದ ಔಷಧಿಗಳ ಡೋಸ್ ಏರಿಸಿರುತ್ತಾರೆ. ಅದು ಹೋದ ಮೇಲೂ ಅದೇ ಡೋಸ್ ನಡೆದರೆ, ಆಮ್ಲ ಮರಳಿದ ಹೊಟ್ಟೆಯಿಂದ ಥೈರಾಕ್ಸಿನ್ ಪೂರ್ತಿ ಹೀರಿಕೊಂಡು ಎದೆಬಡಿತ, ಕೈನಡುಕ ಶುರುವಾಗಬಹುದು. ಆದ್ದರಿಂದ ಪಿಪಿಐ ಶುರುಮಾಡಿದಾಗ ನೋಡಿಸಿದ ಟಿಎಸ್‌ಎಚ್ಚನ್ನು ನಿಲ್ಲಿಸಿದ ಆರರಿಂದ ಎಂಟು ವಾರಕ್ಕೂ ನೋಡಿಸಬೇಕು, ಐಎನ್‌ಆರ್ ಅನ್ನು ಅದಕ್ಕಿಂತ ಬೇಗ.